ಕಷ್ಟದ ಕೀಮೋ ಮುಗಿದು 14 ತಿಂಗಳಿಗೆ ಕ್ಯಾನ್ಸರ್ ವಾಪಸ್ ಬಂದಿದೆ. ಎರಡನೇ ಸಲಕ್ಕೆ ನೀವು ಹೇಗೆ ಮನಸ್ಸು ಮಾಡಿದಿರಿ?

ಸಂಜೆಬಿಸಿಲು

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಬರೆಯುವುದು, ಅಳಿಸುವುದು, ಇದೇ ಆಗಿದೆ. ಇವತ್ತು ಬರೆದೇ ಬಿಡುತ್ತೇನೆ.

ನನಗೆ 46 ವರ್ಷ. ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ. ಮೊದಲು ಮೂರು ಕೀಮೋ, ಆಮೇಲೆ ದೊಡ್ಡ ಆಪರೇಷನ್, ಮತ್ತೆ ಮೂರು ಕೀಮೋ. ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್, ಮೂರು ವಾರಕ್ಕೊಮ್ಮೆ. ಕೆಲವರು ಕೀಮೋ ನಡೆಯುವಾಗಲೂ ಕೆಲಸಕ್ಕೆ ಹೋಗುತ್ತಾರಂತೆ. ನನಗೆ ಹಾಗಾಗಲಿಲ್ಲ. ನಾಲ್ಕನೆಯದು ಆದ ಮೇಲೆ ಬಿಳಿ ರಕ್ತಕಣ ಕುಸಿದು ಜ್ವರ ಬಂತು, ಆರು ದಿನ ಆಸ್ಪತ್ರೆಯಲ್ಲಿದ್ದೆ. ಬೆರಳ ತುದಿ, ಅಂಗಾಲು ಜೋಮು ಹಿಡಿದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ. ಅಂಗಿಯ ಗುಂಡಿ ಹಾಕಲು ಮಗಳನ್ನು ಕರೆಯುತ್ತಿದ್ದೆ. ಕೊನೆಕೊನೆಗೆ ಆಸ್ಪತ್ರೆಯ ಲಿಫ್ಟಿನ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಡ್ರಿಪ್ ಹಾಕುವ ಮೊದಲೇ ವಾಂತಿ.

ಆಮೇಲೆ 14 ತಿಂಗಳು ಚೆನ್ನಾಗಿದ್ದೆ. ಕೂದಲು ಬಂತು. ಕೆಲಸಕ್ಕೆ ಸೇರಿದೆ. ಈಗ ಸಿಎ 125 ಏರುತ್ತಿದೆ, ಈ ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆ ಅದು. 11 ಇದ್ದದ್ದು 38 ಆಯಿತು, ಮುಂದಿನ ತಿಂಗಳು 96. ಸ್ಕ್ಯಾನ್ ಮಾಡಿಸಿದರೆ ಹೊಟ್ಟೆಯೊಳಗಿನ ಪೊರೆಯ ಮೇಲೆ ಮೂರು ಸಣ್ಣ ಗಂಟು. ನನಗೆ ನೋವಿಲ್ಲ, ಸುಸ್ತಿಲ್ಲ. ಇವತ್ತು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದೆ. ಆದರೂ ಮತ್ತೆ ಕೀಮೋ ಅಂದಿದ್ದಾರೆ.

ಮನೆಯಲ್ಲಿ ಯಾರಿಗೂ ಹೇಳದ ಮಾತು ಇಲ್ಲಿ ಹೇಳುತ್ತೇನೆ. ನನಗೆ ಕ್ಯಾನ್ಸರಿಗಿಂತ ಕೀಮೋ ಕಂಡರೆ ಜಾಸ್ತಿ ಭಯ. ಮೊದಲ ಸಲ ಏನೂ ಗೊತ್ತಿರಲಿಲ್ಲ, ಆರು ಎಣಿಸಿದರೆ ಮುಗಿಯಿತು ಅಂತ ಎಣಿಸಿಕೊಂಡು ಹೋದೆ. ಈಗ ಎಲ್ಲ ಗೊತ್ತು. ಮನೆಯವರು "ಧೈರ್ಯವಾಗಿರು, ಹೋದ ಸಲ ಗೆದ್ದಿಲ್ವಾ" ಅಂತಾರೆ. ಗೆದ್ದಿದ್ದರೆ ಯಾಕೆ ವಾಪಸ್ ಬಂತು? ನಾನು ಎಲ್ಲಿ ತಪ್ಪಿದೆ?

ಮಗಳಿಗೆ 17, ಗೊತ್ತಿದೆ. ಮಗನಿಗೆ 9, ಹೇಳಿಲ್ಲ. ನೀವೆಲ್ಲ ಎರಡನೇ ಸಲಕ್ಕೆ ಹೇಗೆ ಹೂಂ ಅಂದಿರಿ?

ಹಳೇ ದಾರಿ

ಓದಿ ಎದೆ ಧಸಕ್ಕೆಂದಿತು. ನಾನು ಸ್ತನ ಕ್ಯಾನ್ಸರಿನವಳು. ಏಳು ವರ್ಷ ಆದ ಮೇಲೆ ಬೆನ್ನುಮೂಳೆಯಲ್ಲಿ ವಾಪಸ್ ಬಂತು. ಐದು ವರ್ಷ ದಾಟಿದರೆ ಮುಗಿಯಿತು ಅಂತ ಎಲ್ಲರೂ ಹೇಳಿದ್ದರು, ನಾನೂ ನಂಬಿದ್ದೆ. ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಹತ್ತು, ಹದಿನೈದು ವರ್ಷ ಬಿಟ್ಟೂ ಬರಬಹುದು ಅಂತ ಆಮೇಲೆ ಗೊತ್ತಾಯಿತು.

ನೀವು ಕೇಳಿದ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ನೀವು ಎಲ್ಲೂ ತಪ್ಪಿಲ್ಲ. ಆಪರೇಷನ್ ಆದಾಗಲೇ, ಕೀಮೋ ನಡೆಯುತ್ತಿದ್ದಾಗಲೇ ಕೆಲವು ಕ್ಯಾನ್ಸರ್ ಜೀವಕಣಗಳು ಯಾವ ಸ್ಕ್ಯಾನಿಗೂ ಕಾಣದಷ್ಟು ಸಣ್ಣದಾಗಿ ಉಳಿದಿರುತ್ತವೆ. ಕೀಮೋ ಹೆಚ್ಚಾಗಿ ವೇಗವಾಗಿ ಬೆಳೆಯುವ ಕಣಗಳನ್ನು ಹೊಡೆಯುತ್ತದೆ. ಸುಮ್ಮನೆ ಮಲಗಿದ್ದ ಕಣ ತಪ್ಪಿಸಿಕೊಳ್ಳುತ್ತದೆ. ಕೆಲವು ಕಣಗಳು ಮದ್ದನ್ನೇ ಹೊರದಬ್ಬುವುದನ್ನು ಕಲಿತಿರುತ್ತವೆ. ನೀವು ಒಂದು ಮಾತ್ರೆ ತಡವಾಗಿ ತಗೊಂಡಿದ್ದಕ್ಕೋ, ಒಂದು ದಿನ ಅತ್ತಿದ್ದಕ್ಕೋ ಇದು ಬಂದಿಲ್ಲ.

ನನಗೆ ಎರಡನೇ ಸಲ ಕೀಮೋನೇ ಕೊಡಲಿಲ್ಲ. ಮೂಳೆಯಿಂದ ತುಣುಕು ತೆಗೆದು ಮತ್ತೆ ಪರೀಕ್ಷೆ ಮಾಡಿದರು, ಯಾಕೆಂದರೆ ಎರಡನೇ ಸಲ ಬಂದಾಗ ಕಣಗಳ ಗುಣ ಬದಲಾಗಿರಬಹುದಂತೆ. ಹಾರ್ಮೋನ್ ಮಾತ್ರೆ, ಜೊತೆಗೆ ಪಾಲ್ಬೋಸಿಕ್ಲಿಬ್. ಮೂರು ವಾರ ನುಂಗಬೇಕು, ಒಂದು ವಾರ ಬಿಡಬೇಕು. ಮೂಳೆಗೆ ಇಂಜೆಕ್ಷನ್ ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಬನ್ನಿ ಅಂದರು. ಆ ಮದ್ದಿನಿಂದ ಅಪರೂಪಕ್ಕೆ ದವಡೆಯ ಮೂಳೆ ಹಾಳಾಗುತ್ತದಂತೆ. ಮೂರನೇ ವರ್ಷ ನಡೆಯುತ್ತಿದೆ. ನಿಮ್ಮದು ಬೇರೆ ಕಾಯಿಲೆ, ನನ್ನ ಮದ್ದು ನಿಮಗೆ ಆಗಲ್ಲ. ಆದರೆ "ಮತ್ತೆ ಚಿಕಿತ್ಸೆ" ಅಂದರೆ "ಮತ್ತೆ ಅದೇ" ಅಂತ ಅಂದುಕೊಳ್ಳಬೇಡಿ. ಇದನ್ನು ಹೇಳಲಿಕ್ಕೇ ಬರೆದೆ.

ಹೊಸ ಬೆಳಕು

ಅಕ್ಕಾ, ಮನಸ್ಸೇ ಎಲ್ಲ. ಪಾಸಿಟಿವ್ ಆಗಿ ಯೋಚನೆ ಮಾಡಿ. ಭಯಪಟ್ಟರೆ ಕ್ಯಾನ್ಸರ್ ಬೆಳೆಯುತ್ತದೆ. ನಗುನಗುತ್ತಾ ಇದ್ದವರು ಎಲ್ಲರೂ ಗೆದ್ದಿದ್ದಾರೆ. ನೀವೂ ಗೆಲ್ಲುತ್ತೀರಿ.

ಹಳೇ ದಾರಿ

ನಿಮ್ಮ ಮನಸ್ಸು ಒಳ್ಳೆಯದು, ಗೊತ್ತು. ಆದರೆ ಈ ಮಾತಿಗೆ ಉತ್ತರ ಕೊಡದೆ ಇರಲಾರೆ. ನನ್ನ ಜೊತೆ ವಾರ್ಡಿನಲ್ಲಿದ್ದ ಎಷ್ಟೋ ಜನ ಕೊನೆಯವರೆಗೂ ನಗುತ್ತಲೇ ಇದ್ದರು. ಅವರು ಹೋದದ್ದು ನಗು ಕಡಿಮೆಯಾಗಿ ಅಲ್ಲ.

2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರ ಮನಸ್ಸಿನ ಸ್ಥಿತಿಯನ್ನು ಬರೆದಿಟ್ಟುಕೊಂಡು, ಯಾರು ಎಷ್ಟು ದಿನ ಬದುಕಿದರು ಎಂದು ನೋಡಿದರು. ಖುಷಿಯಾಗಿದ್ದವರು ಹೆಚ್ಚು ಕಾಲ ಬದುಕಿದರು ಅಂತ ಕಾಣಲೇ ಇಲ್ಲ. ನನಗೆ ಅದನ್ನು ಓದಿದಾಗ ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಅವತ್ತಿನಿಂದ ಅಳು ಬಂದರೆ ಅಳುತ್ತೇನೆ. ಮನಸ್ಸು ಹಗುರವಾಗಿದ್ದರೆ ದಿನ ಚೆನ್ನಾಗಿ ಹೋಗುತ್ತದೆ, ಅದು ನಿಜ, ಅದಕ್ಕೆ ಬೇಕಾದ ಸಹಾಯ ತಗೊಳ್ಳಲೇಬೇಕು. ಆದರೆ ಭಯಪಟ್ಟರೆ ಗಂಟು ಬೆಳೆಯುತ್ತದೆ ಅಂತ ಒಬ್ಬ ಹೆದರಿದ ಹೆಂಗಸಿಗೆ ಹೇಳಿದರೆ, ಅವಳು ತನ್ನ ಭಯಕ್ಕೇ ಹೆದರಬೇಕಾಗುತ್ತದೆ.

ಹೊಸ ಬೆಳಕು

ಕ್ಷಮಿಸಿ. ಅದು ನನಗೆ ಹೊಳೆಯಲಿಲ್ಲ. ನಮ್ಮ ಅತ್ತೆಗೂ ನಾನು ದಿನಾ ಇದನ್ನೇ ಹೇಳುತ್ತಿದ್ದೆ.

ನೀಲಿ ಬಾಗಿಲು

ನಾನು ಕೀಮೋ ವಾರ್ಡಿನಲ್ಲಿ ನರ್ಸ್. ಹನ್ನೊಂದು ವರ್ಷ ಆಯಿತು. ನಿಮ್ಮ ಡಾಕ್ಟರ ಮಾತೇ ಕೊನೆ, ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಎರಡನೇ ಸಲ ಬರುವವರ ಮುಖ ನೋಡಿದರೇ ನನಗೆ ಗೊತ್ತಾಗುತ್ತದೆ. ಬಾಗಿಲಲ್ಲೇ ನಿಲ್ಲುತ್ತಾರೆ. ಅದು ಹೇಡಿತನ ಅಲ್ಲ. ಲಿಫ್ಟಿನ ವಾಸನೆಗೆ ವಾಂತಿ ಬರುವುದು ನಿಮ್ಮ ಕಲ್ಪನೆಯೂ ಅಲ್ಲ. ಆ ಜಾಗ, ಆ ವಾಸನೆ ಅಂದರೆ ವಾಂತಿ ಅಂತ ಮೆದುಳು ಕಲಿತುಬಿಟ್ಟಿರುತ್ತದೆ. ಇದು ನಮಗೆಲ್ಲ ಗೊತ್ತಿರುವ ತೊಂದರೆ, ಅದಕ್ಕೆ ಮದ್ದಿದೆ. ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ ಲೋರಾಜೆಪಾಮ್‌ನಂಥ ಸಣ್ಣ ಮಾತ್ರೆ ಕೊಡುತ್ತಾರೆ. ಉಸಿರು ನಿಧಾನ ಮಾಡಿ ಮೈ ಸಡಿಲ ಬಿಡುವ ಅಭ್ಯಾಸವನ್ನೂ ಕಲಿಸುತ್ತಾರೆ, ಅದನ್ನು ಮನೆಯಲ್ಲಿ ಮೊದಲೇ ಮಾಡಿಟ್ಟುಕೊಂಡು ಬಂದರೆ ಕೆಲಸ ಮಾಡುತ್ತದೆ. ವಾಂತಿ ನಿಲ್ಲಿಸಲು ಒಂದೇ ಮದ್ದಿಲ್ಲ. ಒಂಡಾನ್ಸೆಟ್ರಾನ್ ಒಂದರಲ್ಲೇ ಸಾಲದಿದ್ದರೆ ಅಪ್ರೆಪಿಟಂಟ್ ಸೇರಿಸುತ್ತಾರೆ, ಓಲಾಂಜಪೈನ್ ಕೊಡುತ್ತಾರೆ. ಈ ಕೊನೆಯದು ಮೂಲತಃ ಮಾನಸಿಕ ಕಾಯಿಲೆಯ ಮಾತ್ರೆ. ಜೊತೆಗೆ ಬರುವ ಚೀಟಿ ಓದಿ ಎಷ್ಟೋ ಜನ ಹೆದರಿ ನುಂಗದೆ ಬಿಡುತ್ತಾರೆ. ವಾಕರಿಕೆಗೆ ಅದು ಬಹಳ ಒಳ್ಳೆಯದು, ಸ್ವಲ್ಪ ನಿದ್ದೆ ಬರಿಸುತ್ತದೆ ಅಷ್ಟೆ.

ಈಗ ಮುಖ್ಯ ಮಾತು. ಹೋದ ಸಲ ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. "ತುಂಬಾ ಕಷ್ಟ ಆಯ್ತು" ಅಂದರೆ ಡಾಕ್ಟರು ತಲೆಯಾಡಿಸಿ ಮುಂದೆ ಹೋಗುತ್ತಾರೆ. "ಡೋಸ್ ಆದ ಮೂರನೇ ದಿನದಿಂದ ಆರನೇ ದಿನದವರೆಗೆ ನೀರೂ ನಿಲ್ಲಲಿಲ್ಲ. ನಾಲ್ಕನೇ ಡೋಸಿಗೆ ಜ್ವರ, ಆರು ದಿನ ಅಡ್ಮಿಟ್. ಇವತ್ತಿಗೂ ಗುಂಡಿ ಹಾಕಲು ಕಷ್ಟ." ಹೀಗೆ ಹೇಳಿದರೆ ಅವರ ಪೆನ್ನು ನಿಲ್ಲುತ್ತದೆ. ಗುಂಡಿಯ ವಿಷಯ ಬಿಡಲೇಬೇಡಿ. ಜೋಮು ತರುವುದರಲ್ಲಿ ಪ್ಯಾಕ್ಲಿಟಾಕ್ಸೆಲ್ ಪಾಲು ದೊಡ್ಡದು. ಕೊನೆಯ ಕಾರ್ಬೋಪ್ಲಾಟಿನ್ ಆದ ಮೇಲೆ 6 ತಿಂಗಳಿಗಿಂತ ಜಾಸ್ತಿ ಕಾಲ ಕಾಯಿಲೆ ತಲೆ ಎತ್ತದಿದ್ದರೆ, ಅದೇ ಮದ್ದು ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ ಅಂತ ಲೆಕ್ಕ. ನಿಮ್ಮದು 14. ಹಾಗಾಗಿ ಕಾರ್ಬೋಪ್ಲಾಟಿನ್ ಇಟ್ಟುಕೊಂಡು ಜೊತೆಯ ಮದ್ದನ್ನು ಬದಲಿಸುವುದುಂಟು. ಲೈಪೋಸೋಮಲ್ ಡಾಕ್ಸೋರುಬಿಸಿನ್ ಕೊಟ್ಟರೆ ಜೋಮು ಕಡಿಮೆ, ಕೂದಲು ಉದುರುವುದೂ ಕಡಿಮೆ. ಆದರೆ ಅಂಗೈ ಅಂಗಾಲು ಕೆಂಪಾಗಿ ಉರಿಯಬಹುದು, ಬಾಯಿ ಹುಣ್ಣಾಗಬಹುದು.

ಒಂದು ಎಚ್ಚರಿಕೆ, ಹೆದರಿಸಲಿಕ್ಕಲ್ಲ. ಕಾರ್ಬೋಪ್ಲಾಟಿನ್‌ಗೆ ಅಲರ್ಜಿ ಮೊದಲ ಸಲಕ್ಕಿಂತ ಎರಡನೇ ಸುತ್ತಿನಲ್ಲೇ ಜಾಸ್ತಿ. ಒಟ್ಟು ಏಳೆಂಟನೇ ಡೋಸಿನ ಹೊತ್ತಿಗೆ ಬರುವುದನ್ನು ನಾವು ನೋಡುತ್ತೇವೆ. ಡ್ರಿಪ್ ನಡೆಯುವಾಗ ಅಂಗೈ ತುರಿಸಿದರೆ, ಮುಖ ಬಿಸಿಯಾದರೆ, ಎದೆ ಬಿಗಿದರೆ ಆ ಕ್ಷಣವೇ ಕೂಗಿ. ಸುಮ್ನೆ ತೊಂದರೆ ಯಾಕೆ ಕೊಡುವುದು ಅಂತ ಕೂರಬೇಡಿ. ಮನೆಯಲ್ಲಿ ಜ್ವರ 100.4 ಮುಟ್ಟಿದರೆ ರಾತ್ರಿ ಎರಡು ಗಂಟೆ ಆದರೂ ಫೋನ್ ಮಾಡಿ. ಇದು ನಿಮಗೆ ಗೊತ್ತೇ ಇದೆ.

ಕಿಟಕಿ ಸೀಟು

ನನ್ನ ಹೆಂಡತಿಗೂ ಇದೇ ಕಾಯಿಲೆ. ನಾನು ಒಂದು ತಪ್ಪು ಮಾಡಿದೆ, ಅದನ್ನು ಹೇಳುತ್ತೇನೆ. ಸಿಎ 125 ಏರಿದ ದಿನವೇ ಚಿಕಿತ್ಸೆ ಶುರು ಮಾಡಿ ಅಂತ ಡಾಕ್ಟರ ಮುಂದೆ ಜಗಳಕ್ಕೆ ನಿಂತೆ. ಅವಳು ಪಕ್ಕದಲ್ಲಿ ಕೂತಿದ್ದಳು. ಅವಳನ್ನು ಒಂದು ಮಾತು ಕೇಳಲಿಲ್ಲ. ಡಾಕ್ಟರೇ ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. 2010ರಲ್ಲಿ ಬಂದ ಒಂದು ದೊಡ್ಡ ಪ್ರಯೋಗದಲ್ಲಿ, ಸಿಎ 125 ಏರಿದ 529 ಹೆಂಗಸರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಸಂಖ್ಯೆ ಏರಿದ ಕೂಡಲೇ ಕೀಮೋ. ಇನ್ನೊಂದಕ್ಕೆ ತೊಂದರೆ ಕಾಣಿಸಿಕೊಂಡ ಮೇಲೆ. ಬೇಗ ಶುರು ಮಾಡಿದವರು ಹೆಚ್ಚು ಕಾಲ ಬದುಕಲಿಲ್ಲ. ಅವರ ದಿನಗಳು ಬೇಗ ಕಷ್ಟದ ದಿನಗಳಾದವು, ಅಷ್ಟೆ.

ಸ್ಕ್ಯಾನಿನಲ್ಲಿ ಗಂಟು ಕಂಡ ಮೇಲೆ ಲೆಕ್ಕ ಬೇರೆ ಇರಬಹುದು, ಮತ್ತೆ ಆಪರೇಷನ್ ಮಾಡಬಹುದಾ ಅಂತಲೂ ಕೆಲವರಿಗೆ ನೋಡುತ್ತಾರೆ. ಕೇಳಿ. "ಇನ್ನು ಆರು ವಾರ ಕಾದರೆ ಏನಾದರೂ ಕಳೆದುಕೊಳ್ಳುತ್ತೇನಾ?" ಅಂತ ನೇರವಾಗಿ ಕೇಳಿ. ನಾವು ಎರಡು ತಿಂಗಳು ಕಾದೆವು. ಆ ಎರಡು ತಿಂಗಳು ಅವಳು ಅಕ್ಕನ ಮನೆಗೆ ಹೋಗಿ ಬಂದಳು, ಮನೆಗೆ ಬಣ್ಣ ಹೊಡೆಸಿದಳು. ನನಗೆ ದಿನಾ ಉಸಿರು ಕಟ್ಟಿದ ಹಾಗಿರುತ್ತಿತ್ತು. ಅವಳಿಗಲ್ಲ.

ಕೊನೇ ಬೆಂಚು

ಬಿಆರ್‌ಸಿಎ ಪರೀಕ್ಷೆ ಆಗಿದೆಯಾ ಅಕ್ಕಾ? ಆಗಿಲ್ಲದಿದ್ದರೆ ಕೇಳಿ. ಆ ಜೀನಿನಲ್ಲಿ ದೋಷ ಇದ್ದರೆ, ಕೀಮೋ ಕೆಲಸ ಮಾಡಿದ ಮೇಲೆ ಓಲಾಪರಿಬ್ ತರಹದ ಮಾತ್ರೆಯಿಂದ ಕಾಯಿಲೆಯನ್ನು ಜಾಸ್ತಿ ಕಾಲ ತಡೆಹಿಡಿಯಬಹುದು. ನಮ್ಮ ಚಿಕ್ಕಮ್ಮನಿಗೆ ಅದು ಸುಸ್ತು, ರಕ್ತಹೀನತೆ ತಂತು, ಡೋಸ್ ಇಳಿಸಿ ಮುಂದುವರಿಸಿದರು. ಇನ್ನೊಂದು ವಿಷಯ ಹೇಳಲು ಸಂಕಟ. ಆ ದೋಷ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ದಾಟುತ್ತದೆ, ಗಂಡಾಗಲಿ ಹೆಣ್ಣಾಗಲಿ. ಮಗಳಿಗೆ 17 ಅಂದಿರಿ. ಈಗಲೇ ಏನೂ ಮಾಡಬೇಕಿಲ್ಲ. ಅವಳು ದೊಡ್ಡವಳಾದಾಗ ತಾನೇ ನಿರ್ಧಾರ ಮಾಡಬಹುದು.

ಮಣ್ಣಿನ ಹಣತೆ

ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಮ್ಮಮ್ಮ ಮೂರನೇ ಸಲ ಕೀಮೋ ಬೇಡ ಅಂದರು. ಶ್ವಾಸಕೋಶದ ಕ್ಯಾನ್ಸರ್. ಹೆದರಬೇಡಿ, ನೀವು ಹಾಗೆ ಮಾಡಿ ಅಂತ ಹೇಳುತ್ತಿಲ್ಲ. ಬೇಡ ಅನ್ನುವುದೂ ಒಂದು ಉತ್ತರ ಅಂತ ನಿಮಗೆ ಗೊತ್ತಿದ್ದರೆ, ಹೂಂ ಅನ್ನುವಾಗ ಬಲವಂತಕ್ಕೆ ಒಪ್ಪಿದ ಹಾಗಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಅಮ್ಮ ಡಾಕ್ಟರನ್ನು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಕಿವಿಯಲ್ಲಿದೆ. "ಇದು ಗುಣ ಮಾಡಲಿಕ್ಕಾ, ಹಿಡಿದಿಡಲಿಕ್ಕಾ, ಇಲ್ಲ ನೋವು ಕಡಿಮೆ ಮಾಡಲಿಕ್ಕಾ?" ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಹಿಡಿದಿಡಲಿಕ್ಕೆ" ಅಂದರು. ಎರಡು ವರ್ಷದಲ್ಲಿ ಯಾರೂ ಅದನ್ನು ಅಷ್ಟು ಬಿಡಿಸಿ ಹೇಳಿರಲಿಲ್ಲ. ನಾವು ಯಾರೂ ಕೇಳಿರಲೂ ಇಲ್ಲ.

ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಇಳಿಸುವ ಆರೈಕೆ) ಅಂದರೆ ಕೈಬಿಟ್ಟರು ಅಂತ ಅರ್ಥ ಅಲ್ಲ. ನಾವೂ ಹಾಗೇ ತಿಳಿದು ತಡ ಮಾಡಿದೆವು. 2010ರಲ್ಲಿ ಅಮ್ಮನ ತರಹದ ಕಾಯಿಲೆಯ 151 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಪಡೆದವರು ಕಡಿಮೆ ಕುಗ್ಗಿದ್ದರು, ಹೆಚ್ಚು ಕಾಲವೂ ಬದುಕಿದರು. 8.9 ತಿಂಗಳಿದ್ದದ್ದು 11.6 ತಿಂಗಳು. ಕೀಮೋ ನಡೆಯುತ್ತಿರುವಾಗಲೇ ಈ ಆರೈಕೆಯ ಡಾಕ್ಟರನ್ನು ನೋಡಬಹುದು. ನಿದ್ದೆ, ವಾಕರಿಕೆ, ನೋವು, ಮನೆಯವರ ಜೊತೆ ಆಡಲಾಗದ ಮಾತು, ಎಲ್ಲದಕ್ಕೂ ಅವರ ಹತ್ತಿರ ಸಮಯ ಇರುತ್ತದೆ. ಅಮ್ಮನಿಗೆ ಮಾರ್ಫಿನ್ ಕೊಟ್ಟಾಗ ಇನ್ನು ಮುಗಿಯಿತು ಅಂತ ನಾನು ಅತ್ತೆ. ಅವರು ಅದಾದ ಮೇಲೆ ಐದು ತಿಂಗಳು ಇದ್ದರು. ಮಲಬದ್ಧತೆಗೆ ಮೊದಲ ದಿನದಿಂದಲೇ ಮದ್ದು ಕೊಟ್ಟಿದ್ದರು, ಅದಕ್ಕೇ ತಡೆದುಕೊಂಡರು. ಕೊನೆಯವರೆಗೂ ನನಗೆ ತಲೆ ಬಾಚುತ್ತಿದ್ದರು.

ಹಳೇ ದಾರಿ

ಮಗನಿಗೆ ಹೇಳಿ. ನಾನು ನನ್ನ ಸಣ್ಣವಳಿಗೆ ಹೇಳದೆ ಮುಚ್ಚಿಟ್ಟೆ. ಅವಳು ತಾನು ಹಟ ಮಾಡಿದ್ದಕ್ಕೆ ಅಮ್ಮನಿಗೆ ಹುಷಾರಿಲ್ಲ ಅಂತ ಅಂದುಕೊಂಡಿದ್ದಳು. ಅದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಕಾಯಿಲೆಯ ಹೆಸರನ್ನೇ ಹೇಳಿ, ಹೊಟ್ಟೆನೋವು ಅನ್ನಬೇಡಿ. ಆಮೇಲೆ ತನಗೆ ಹೊಟ್ಟೆನೋವು ಬಂದಾಗ ಮಗು ನಡುಗುತ್ತದೆ. ನಿನ್ನಿಂದ ಬಂದದ್ದಲ್ಲ, ಅಂಟುವುದಿಲ್ಲ, ನಾನು ಆಸ್ಪತ್ರೆಗೆ ಹೋದ ದಿನ ನಿನ್ನನ್ನು ಇಂಥವರು ಕರೆದುಕೊಂಡು ಬರುತ್ತಾರೆ. ಈ ಮೂರು ಸಾಕು. "ಸಾಯ್ತೀಯಾ?" ಅಂತ ಕೇಳಿದರೆ ಸುಳ್ಳು ಹೇಳಬೇಡಿ. "ಈಗ ಸಾಯುತ್ತಿಲ್ಲ. ಡಾಕ್ಟರು ಮದ್ದು ಕೊಡುತ್ತಿದ್ದಾರೆ. ಏನಾದರೂ ಬದಲಾದರೆ ನಿನಗೆ ಹೇಳುತ್ತೇನೆ." ನಾನು ಹೀಗೆ ಹೇಳಿದೆ. ಅವಳು ಆಟಕ್ಕೆ ಓಡಿದಳು.

ಸಂಜೆಬಿಸಿಲು

ಹತ್ತು ದಿನ ಆಯಿತು. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಮಣ್ಣಿನ ಹಣತೆ, ನಿಮ್ಮ ಬರಹ ಓದಿ ರಾತ್ರಿ ಪೂರ್ತಿ ಅತ್ತೆ. ಬರೆದದ್ದು ಒಳ್ಳೆಯದಾಯಿತು.

ಹಾಳೆ ಬರೆದುಕೊಂಡು ಹೋದೆ. ಮುಂದೆ ಹಿಂದೆ ಎರಡೂ ಕಡೆ ತುಂಬಿತ್ತು. ಓದುವಾಗ ಕೈ ನಡುಗಿತು, ಮಗಳು ತಗೊಂಡು ಓದಿದಳು. ಡಾಕ್ಟರು ನಿಜಕ್ಕೂ ಬರೆಯುವುದನ್ನು ನಿಲ್ಲಿಸಿದರು. ಆರು ದಿನ ಅಡ್ಮಿಟ್ ಆದದ್ದು ಅವರ ಫೈಲಿನಲ್ಲಿತ್ತು. ಗುಂಡಿಯದು ಇರಲಿಲ್ಲ. ನಾನು ಒಮ್ಮೆಯೂ ಹೇಳಿರಲೇ ಇಲ್ಲ! ಪ್ರತಿ ಸಲ ಹೇಗಿದ್ದೀರಿ ಅಂದಾಗ "ಪರವಾಗಿಲ್ಲ" ಅಂದಿದ್ದೆ. ಒಳ್ಳೆಯ ಪೇಷಂಟ್ ಅನ್ನಿಸಿಕೊಳ್ಳಬೇಕಿತ್ತು ನನಗೆ.

ಆ ಪ್ರಶ್ನೆಯನ್ನೂ ಕೇಳಿದೆ. ಉತ್ತರ ನಿಮ್ಮ ಅಮ್ಮನಿಗೆ ಸಿಕ್ಕಿದ್ದೇ, ಹಿಡಿದಿಡಲಿಕ್ಕೆ. ಗುಣ ಆಗುತ್ತದೆ ಅಂತ ಅವರು ಹೇಳಲಿಲ್ಲ. ಮನೆಯವರು ಕಿಟಕಿ ಕಡೆ ತಿರುಗಿದರು. ನನಗೆ ವಿಚಿತ್ರ ಅನ್ನಿಸಿದ್ದು, ಅದನ್ನು ಕೇಳಿ ನಾನು ಕುಸಿಯಲಿಲ್ಲ. ಇಷ್ಟು ದಿನ ಒಂದು ಪರೀಕ್ಷೆ ಪಾಸಾಗಬೇಕು, ಆಗದಿದ್ದರೆ ನನ್ನದೇ ತಪ್ಪು ಅನ್ನುವ ಹಾಗಿತ್ತು. ಈಗ ಹಾಗಿಲ್ಲ.

ಬಿಆರ್‌ಸಿಎಗೆ ರಕ್ತ ಕೊಟ್ಟಿದ್ದೇನೆ. ಆಪರೇಷನ್ ಬಗ್ಗೆ ಸರ್ಜನ್ ಹತ್ತಿರ ಮಾತಾಡಿ ಹೇಳುತ್ತೇವೆ ಅಂದರು, ಆಮೇಲೆ ಗಂಟು ಇರುವ ಜಾಗ ನೋಡಿ ಬೇಡ ಅಂದರು. ಕಾಯಬಹುದಾ ಅಂತ ಕೇಳಿದೆ. ಮೂರು ವಾರ ಕಾದರೆ ತೊಂದರೆ ಇಲ್ಲ ಅಂದರು. ಮಗಳ ಪರೀಕ್ಷೆ ಅಷ್ಟರಲ್ಲಿ ಮುಗಿಯುತ್ತದೆ.

ಮಗನಿಗೆ ಹೇಳಿದೆ. "ಮತ್ತೆ ಬೋಳು ಆಗ್ತೀಯಾ?" ಅಂತ ಮಾತ್ರ ಕೇಳಿದ.

ನೀಲಿ ಬಾಗಿಲು

"ಪರವಾಗಿಲ್ಲ" ಅನ್ನುವವರ ಬಗ್ಗೆ ನಮಗೆ ಯಾವಾಗಲೂ ಕಳವಳ. ಇನ್ನು ಮೇಲೆ ಆ ಮಾತು ಬೇಡ ನಿಮಗೆ. ಡೋಸಿನ ಹಿಂದಿನ ರಾತ್ರಿಯ ಮಾತ್ರೆ ಮರೆಯಬೇಡಿ.

ಸಂಜೆಬಿಸಿಲು

ಮೊದಲ ಡೋಸ್ ಆಗಿ ಇವತ್ತಿಗೆ ಐದನೇ ದಿನ. ಕಾರ್ಬೋಪ್ಲಾಟಿನ್ ಮತ್ತು ಲೈಪೋಸೋಮಲ್ ಡಾಕ್ಸೋರುಬಿಸಿನ್, ನಾಲ್ಕು ವಾರಕ್ಕೊಮ್ಮೆ. ರಾತ್ರಿ ಮಾತ್ರೆ ತಗೊಂಡೆ, ಬೆಳಿಗ್ಗೆಯೂ. ಲಿಫ್ಟ್ ಬೇಡ ಅಂತ ಮಗಳು ಮೆಟ್ಟಿಲಲ್ಲಿ ಕರೆದುಕೊಂಡು ಹೋದಳು, ಎರಡೇ ಮಹಡಿ. ವಾರ್ಡಿನ ಬಾಗಿಲಲ್ಲಿ ನಿಂತೆ. ಕಾಲು ಮುಂದೆ ಹೋಗಲಿಲ್ಲ. ಅಲ್ಲಿದ್ದ ನರ್ಸ್ ಏನೂ ಹೇಳದೆ ನನ್ನ ಪಕ್ಕ ಬಂದು ನಿಂತರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಮೇಲೆ ಇಬ್ಬರೂ ಒಳಗೆ ಹೋದೆವು.

ಡ್ರಿಪ್ ಪೂರ್ತಿ ಮುಗಿಯುವವರೆಗೆ ಅಂಗೈ ನೋಡಿಕೊಂಡೇ ಕೂತಿದ್ದೆ. ತುರಿಸಲಿಲ್ಲ. ಇದು ಏಳನೆಯದು, ಮುಂದಿನದು ಎಂಟನೆಯದು. ಅದಕ್ಕೂ ಎಚ್ಚರವಾಗಿರುತ್ತೇನೆ.

ಮೊದಲೆರಡು ರಾತ್ರಿ ನಿದ್ದೆ ಬರಲಿಲ್ಲ, ಸ್ಟೀರಾಯ್ಡ್ ಇರಬೇಕು ಅಲ್ವಾ? ವಾಕರಿಕೆ ಇದೆ. ಆದರೆ ಒಂದೇ ಸಲ ವಾಂತಿ. ಮೂರನೇ ದಿನ ಬರುತ್ತದೆ ಅಂತ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೆ. ಬರಲಿಲ್ಲ. ನಾಲ್ಕನೇ ದಿನವೂ ಬಕೆಟ್ ಅಲ್ಲೇ ಇತ್ತು. ಇವತ್ತು ಮಗ ಅದನ್ನು ಎತ್ತಿ ಬಚ್ಚಲಿಗೆ ಇಟ್ಟು ಬಂದ. ಬೇಕಾದರೆ ಕೂಗು, ತರ್ತೀನಿ ಅಂದ.

ನೀಲಿ ಬಾಗಿಲು, ಒಂದು ಪ್ರಶ್ನೆ. ಅಂಗಾಲು ಸ್ವಲ್ಪ ಬಿಸಿ ಅನ್ನಿಸುತ್ತಿದೆ, ಕೆಂಪಾಗಿಲ್ಲ. ಈಗಲೇ ಫೋನ್ ಮಾಡಲಾ, ನಾಳೆಯವರೆಗೆ ನೋಡಲಾ?

ನೀಲಿ ಬಾಗಿಲು

ಈಗಲೇ ಮಾಡಿ. ಇಂಥ ಫೋನಿಗೇ ನಾವು ಅಲ್ಲಿ ಕೂತಿರುವುದು. ಬಿಸಿನೀರಿನಲ್ಲಿ ಕಾಲು ಇಡಬೇಡಿ, ಬಿಗಿ ಚಪ್ಪಲಿ ಬೇಡ. ಏನಂದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.